ಧಾರೆ ಫೋಟೋದ ನೆರಳು

ಫ್ಲೆಕ್ಸ್ ನೋಡಿ ಜನರ ಬಣ್ಣ ಹೇಳುವುದಾದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಹುಡುಕಿದರೂ ಒಬ್ಬ ಕಪ್ಪು ಮನುಷ್ಯ ಸಿಗುವುದಿಲ್ಲ. ಎಲ್ಲರೂ ಮೈದಾ ಹಿಟ್ಟಿನಲ್ಲಿ ಹೊರಳಿ ಎದ್ದವರು. ಬಿಸಿಲಲ್ಲಿ ಕಡಲೆಕಾಯಿ ಕಿತ್ತು ಕಿತ್ತು ಬಾಣಲೆ ತಳದಂತಾದ ಮುಖವೂ ಹುಟ್ಟುಹಬ್ಬದ ಫ್ಲೆಕ್ಸಿಗೆ ಬಂದರೆ ಟ್ಯೂಬ್‌ಲೈಟ್ ಆಗುತ್ತದೆ. ಒಂದೇ ಫ್ಲೆಕ್ಸಿನಲ್ಲಿ ಊರಿನ ಅರ್ಧ ಗಂಡಸರ ಮುಖ ಇರುತ್ತದೆ. ಒಬ್ಬನಿಗೆ ಬೆಳಕು ಬಲದಿಂದ, ಪಕ್ಕದವನಿಗೆ ಎಡದಿಂದ, ಮೇಲಿರುವ ನಾಯಕನಿಗೆ ದೇವರಿಗೆ ಬಂದ ಹಾಗೆ ತಲೆಯ ಹಿಂದಿನಿಂದ. ತಲೆಗೊಂದು ಸೂರ್ಯ. ಕಾಲ ಕೆಳಗೆ ಮಾತ್ರ ಯಾರಿಗೂ ನೆರಳಿಲ್ಲ. ಕೈ ಮುಗಿದುಕೊಂಡು ಗಾಳಿಯಲ್ಲಿ ತೇಲುತ್ತಿರುತ್ತಾರೆ.

ಇನ್ನು ಕೆಲವರು ಗೊರವನಹಳ್ಳಿಗೆ ಬಸ್ಸಲ್ಲಿ ನೂಕಾಡಿಕೊಂಡು ಹೋಗಿ, ದೇವಸ್ಥಾನದ ಮುಂದೆ ಉರಿಬಿಸಿಲಲ್ಲಿ ಕಣ್ಣು ಮುಚ್ಚಿಕೊಂಡು ನಿಂತ ಫೋಟೋ ತರುತ್ತಾರೆ. "ಹಿಂದೆ ಹಿಮದ ಬೆಟ್ಟ ಹಾಕಿ" ಅನ್ನುತ್ತಾರೆ. ಹಾಕುತ್ತೇವೆ. ಹಣೆಯ ಮೇಲೆ ಬೆವರು ಹೊಳೆಯುತ್ತಿರುತ್ತದೆ, ಹಿಂದೆ ಹಿಮ ಬೀಳುತ್ತಿರುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಬಲು ಖುಷಿ.

ನಾನು ಶಿರಾದ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಎಸ್ಸೆಸ್ಸೆಲ್ಸಿ ಫೇಲು. ಮತ್ತೆ ಕಟ್ಟುವ ಉಸಾಬರಿಗೆ ಹೋಗಲಿಲ್ಲ. ಮದುವೆ ಆಲ್ಬಮ್ಮು, ಫ್ಲೆಕ್ಸು, ಪಾಸ್‌ಪೋರ್ಟ್ ಸೈಜು, ಸತ್ತವರ ಫೋಟೋ ಎಲ್ಲ ನಾನೇ ಮಾಡುತ್ತೇನೆ. ಅಂಗಡಿ ಒಬ್ಬ ಸಾಬರದ್ದು. ಬಜಾರಿನಲ್ಲಿ ಎಲ್ಲರೂ ಅವರನ್ನು ಭಾಯ್ ಅನ್ನುತ್ತಾರೆ, ನಾನೂ ಅನ್ನುತ್ತೇನೆ.

ಬೆಳಕು ಅಂದರೆ ದೊಡ್ಡ ವಿದ್ಯೆ ಏನಲ್ಲ. ಎತ್ತಲಿಂದ ಬರುತ್ತಿದೆ, ಎಷ್ಟು ಎತ್ತರದಿಂದ ಬರುತ್ತಿದೆ, ಹಳದಿಯೋ ಬಿಳಿಯೋ, ಇಷ್ಟು ನೋಡಬೇಕು. ಬೇರೆ ಫೋಟೋದಿಂದ ತಂದ ಮನುಷ್ಯನ ಮೂಗಿನ ನೆರಳು ಪಕ್ಕದವನ ಮೂಗಿನ ನೆರಳು ಬಿದ್ದ ಕಡೆಗೇ ಬಿದ್ದರೆ ಅವನು ಅಲ್ಲಿ ನಿಂತಿದ್ದ ಅಂತ ಕಣ್ಣು ಒಪ್ಪುತ್ತದೆ. ಇಲ್ಲದಿದ್ದರೆ ಅವನು ಸ್ಟಿಕ್ಕರು. ಇದನ್ನು ಭಾಯ್‌ಗೆ ಹೇಳಿದರೆ ನಗುತ್ತಿದ್ದರು.

"ಅರೆ, ಲೈಟು ಎಲ್ಲಿಂದ ಬಂತು ಅಂತ ಯಾವ ಗಿರಾಕಿ ಕೇಳ್ದ ನಿನ್ನ? ಬೆಳ್ಳಗೆ ಬಂದೈತಾ ಅಂತಾರೆ, ಬಸ್. ಬಿಳಿ ಮಾಡು, ಕಳ್ಸು."

ಅವರು ಹೇಳಿದ್ದು ತಪ್ಪಲ್ಲ. ಬಿಳಿ ಮಾಡಿ ಕಳಿಸುತ್ತಿದ್ದೆ.

ಆ ಹೆಂಗಸು ಬಂದದ್ದು ಹೋದ ವರ್ಷ, ಆಷಾಢ ಇನ್ನೇನು ಬರಬೇಕು ಅನ್ನುವಾಗ. ಹುಲಿಕುಂಟೆ ಕಡೆಯ ಹಳ್ಳಿಯವರು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಮಗಳ ಮದುವೆ ಆಲ್ಬಮ್ಮು ಸುತ್ತಿ ತಂದಿದ್ದರು. ಆಲ್ಬಮ್ಮು ನಮ್ಮ ಅಂಗಡಿಯದೇ. ಆ ಮದುವೆಗೆ ಫೋಟೋ ತೆಗೆಯಲು ಹೋಗಿದ್ದವರು ಭಾಯ್. ಹೆಂಗಸು ನನ್ನ ಟೇಬಲ್ಲಿನ ಮೇಲೆ ಆಲ್ಬಮ್ಮು ಬಿಚ್ಚಿ, ಒಂದು ಹಾಳೆ ತೆಗೆದು, ಒಬ್ಬ ಗಂಡಸಿನ ಮುಖದ ಮೇಲೆ ಬೆರಳಿಟ್ಟರು.

"ಇವನ್ನ ತೆಗೀಬೇಕು."

ಅದು ಧಾರೆಯ ಫೋಟೋ. ಎಡಗಡೆ ಮದುಮಗ, ಪಕ್ಕದಲ್ಲಿ ಮದುಮಗಳು. ಇಬ್ಬರ ಕೈ ಒಂದರ ಮೇಲೊಂದು, ಮೇಲೆ ತೆಂಗಿನಕಾಯಿ. ಬಲಗಡೆ ನಿಂತ ಗಂಡ ಹೆಂಡತಿ ಇಬ್ಬರೂ ಸೇರಿ ಚೊಂಬು ಹಿಡಿದು ಹಾಲು ಬಿಡುತ್ತಿದ್ದಾರೆ.

"ಯಾರಮ್ಮ ಇವ್ರು?"

"ನನ್ನ ಮೈದ. ಪಕ್ಕದಾಗೆ ಇರೋಳು ವಾರಗಿತ್ತಿ. ಇಬ್ರೂನೂ ತೆಗ್ದುಬುಡು."

"ತೆಗ್ದು?"

"ನಮ್ಮ ಯಜಮಾನ್ರನ್ನ ಹಾಕು. ಪಕ್ಕದಾಗೆ ನನ್ನ ಹಾಕು."

"ಯಜಮಾನ್ರು ಮದ್ವೆಗೆ ಬಂದಿರ್ಲಿಲ್ವಾ?"

"ಬಂದಿದ್ರೆ ನಿನ್ನತ್ರ ಯಾಕಪ್ಪ ಬತ್ತಿದ್ದೆ? ಸತ್ತು ಎರಡು ವರ್ಸ ಆತು."

ಹಿಂದೆ ಕೂತಿದ್ದ ಭಾಯ್ ಕೆಮ್ಮಿದರು.

ಗಂಡ ಸತ್ತವಳು ಮಗಳಿಗೆ ಧಾರೆ ಎರೆಯಬಾರದು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ರೂಲ್ಸು. ಹೆರಬಹುದು, ಸಾಕಬಹುದು, ಗಂಡು ನೋಡಬಹುದು, ಛತ್ರ ಗೊತ್ತು ಮಾಡಬಹುದು, ಊರೂರು ತಿರುಗಿ ಕಾರ್ಡು ಹಂಚಬಹುದು. ಒಂದು ಚೊಂಬು ಹಿಡಿಯಬಾರದು. ಅದಕ್ಕೆ ಚಿಕ್ಕಪ್ಪ ಚಿಕ್ಕಮ್ಮ ಜೋಡಿಯಾಗಿ ಬಂದು ನಿಲ್ಲುತ್ತಾರೆ. ಇವರ ಮೈದುನ ಕೊನೆಯ ದಿನದವರೆಗೂ ಮದುವೆಯ ಒಂದು ಕೆಲಸಕ್ಕೂ ಬಂದಿರಲಿಲ್ಲವಂತೆ. ಧಾರೆಯ ದಿನ ಮಾತ್ರ ಹೊಸ ರೇಷ್ಮೆ ಪಂಚೆ ಉಟ್ಟು, ಮೀಸೆಗೆ ಬಣ್ಣ ಹಾಕಿಸಿಕೊಂಡು ಬಂದು ಕ್ಯಾಮೆರಾ ನೋಡಿಕೊಂಡು ನಿಂತ. ಹೌದು, ಫೋಟೋದಲ್ಲಿ ಅವನು ನೋಡುತ್ತಿರುವುದು ಕ್ಯಾಮೆರಾವನ್ನೇ. ಹಾಲು ತೆಂಗಿನಕಾಯಿಯ ಪಕ್ಕಕ್ಕೆ ಬೀಳುತ್ತಿದೆ.

"ನೀವೆಲ್ಲಿದ್ರಿ ಆವಾಗ?" ಎಂದೆ.

"ಊಟದ ಹಾಲ್‌ನಾಗೆ. ಎಲೆ ಒರೆಸ್ತಿದ್ದೆ. ಗಟ್ಟಿಮೇಳ ಕೇಳುಸ್ತು."

ಅಳಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳುವ ಹಾಗೆ ಹೇಳಿದರು. ಆಮೇಲೆ ವಿಷಯಕ್ಕೆ ಬಂದರು.

"ಆಷಾಢಕ್ಕೆ ಮಗಳು ಬತ್ತಾಳೆ. ಬುಡಾಕೆ ಬೀಗ್ರೂ ಬತ್ತಾರೆ. ಅವಳು ಬಾಗ್ಲಿಗೆ ಬರೋ ಹೊತ್ಗೆ ಇದು ಗೋಡೆ ಮ್ಯಾಲೆ ಇರ್ಬೇಕು. ಅಪ್ಪ ಅಮ್ಮ ಧಾರೆ ಎರ್ದಂಗೆ."

"ಯಜಮಾನ್ರ ಫೋಟೋ ಐತಾ?"

"ಗೋಡೆ ಮ್ಯಾಲೆ ಹಾರ ಹಾಕಿರೋದು ಐತೆ, ಇಲ್ಲೇ ಮಾಡ್ಸಿದ್ದು. ಅದು ಬ್ಯಾಡ. ಅದ್ರಾಗೆ ಯಾರೋ ಬೆಳ್ಳಗಿರೋರು ಇದ್ದಾರೆ, ಇವರಲ್ಲ. ನಮ್ಮ ಮೈದನ ಮಗ ಮೊಬೈಲ್‌ನಾಗೆ ಒಂದು ಮಾಡ್ಕೊಟ್ಟ, ನೋಡು."

ಯಾವುದೋ ಆಪ್ ಮಾಡಿದ ಫೋಟೋ. ಸತ್ತ ಮನುಷ್ಯನಿಗೆ ಸಿನಿಮಾ ಹೀರೋ ದವಡೆ ಬಂದಿತ್ತು. ಬಾಯಿತುಂಬ ಹಲ್ಲು. ಚೊಂಬು ಹಿಡಿದ ಕೈಯಲ್ಲಿ ಬೆರಳು ಒಂದು ಜಾಸ್ತಿ. ಬೆಳಕಂತೂ ಎಲ್ಲ ಕಡೆಯಿಂದಲೂ ಬಂದು ಮನುಷ್ಯ ಒಳಗಿನಿಂದಲೇ ಉರಿಯುವ ಬಲ್ಬಿನ ಹಾಗಿದ್ದ.

"ಇದ್ಯಾರು?" ಎಂದೆ.

"ಅದ್ನೇ ನಾನೂ ಕೇಳ್ದೆ. ದೊಡ್ಡಪ್ಪ ಕಣ್ ದೊಡ್ಡವ್ವ ಅಂದ. ಇವರ್ಗೆ ಮುಂದಿನ ಹಲ್ಲೇ ಇರ್ಲಿಲ್ಲ!"

ಕೊನೆಗೆ ತಮ್ಮ ಫೋನಿನಲ್ಲಿ ಅಸಲಿ ಫೋಟೋ ತೋರಿಸಿದರು. ಗಂಡ ಪಾವಗಡದ ರಾಯಚರ್ಲು ಕಡೆ ಸೋಲಾರ್ ಪಾರ್ಕಿನಲ್ಲಿ ಕಾವಲು ಕೆಲಸಕ್ಕಿದ್ದರು. ಖಾಕಿ ಬಟ್ಟೆ, ಕೈಯಲ್ಲಿ ದೊಣ್ಣೆ, ಹಿಂದೆ ಕಣ್ಣು ಹೋದಷ್ಟು ದೂರ ಪ್ಯಾನೆಲ್ಲು. ಕಪ್ಪಗೆ, ಉದ್ದಕ್ಕೆ, ಕಿವಿ ಅಗಲ. ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ತೆಗೆದೋನು ತೆಲುಗ್ನಾಗೆ 'ನವ್ವಣ್ಣಾ, ನವ್ವಣ್ಣಾ' ಅಂದ್ನಂತೆ, ನಗಣ್ಣ ಅಂತ. ಹಲ್ಲಿಲ್ವಲ್ಲ, ಅದ್ಕೆ ಬಾಯಿ ಮುಚ್ಕಂಡವ್ರೆ. ಇವರು ಇವರೇ. ಇದ್ನ ಹಾಕು. ಬಿಳಿ ಮಾಡಿದ್ರೆ ತಗಳಾಕಿಲ್ಲ ನೋಡು."

ಬಿಳಿ ಮಾಡಬೇಡ ಅಂದ ಗಿರಾಕಿಯನ್ನು ನಾನು ಅವತ್ತೇ ಮೊದಲು ನೋಡಿದ್ದು.

ಕೆಲಸಕ್ಕೆ ಕೂತೆ. ಮೊದಲು ಮೈದುನನನ್ನೂ ಅವನ ಹೆಂಡತಿಯನ್ನೂ ತೆಗೆದೆ. ಪಂಚೆ, ಶಲ್ಯ, ಬಣ್ಣದ ಮೀಸೆ ಎಲ್ಲ ಹೋಯಿತು. ಹಿಂದಿನ ಹೂವಿನ ಪರದೆ ತುಂಬಿಸಿದೆ. ಆಮೇಲೆ ನೋಡಿದರೆ ಮದುಮಗಳ ಭುಜದ ಮೇಲೆ ಕಪ್ಪಗೆ ಏನೋ ಉಳಿದಿದೆ. ಅವನ ನೆರಳು. ಛತ್ರದಲ್ಲಿ ವಿಡಿಯೋದವನು ಬಲಗಡೆ ಸ್ಟ್ಯಾಂಡಿನ ಮೇಲೆ ದೊಡ್ಡ ಲೈಟು ಇಟ್ಟಿದ್ದ. ಅದರ ಎದುರಿಗೆ ಮೈದುನ ನಿಂತಿದ್ದರಿಂದ ಅವನ ತಲೆಯ ನೆರಳು ಹುಡುಗಿಯ ಭುಜಕ್ಕೆ ಬಿದ್ದಿತ್ತು. ಮನುಷ್ಯ ಹೋದರೂ ನೆರಳು ಹೋಗಿರಲಿಲ್ಲ. ಸದ್ಯಕ್ಕೆ ಇರಲಿ, ಆ ಜಾಗಕ್ಕೆ ಹೇಗಿದ್ದರೂ ಒಬ್ಬ ಗಂಡಸು ಬಂದು ನಿಲ್ಲುತ್ತಾನಲ್ಲ, ಅಂತ ಬಿಟ್ಟೆ. ಅಷ್ಟು ಕೆಲಸ ಕಡಿಮೆಯಾಯಿತು ಅಂದುಕೊಂಡೆ.

ತಾಪತ್ರಯ ಬಂದದ್ದು ಮುಖದ್ದು. ಸೋಲಾರ್ ಪಾರ್ಕಿನ ಬಿಸಿಲು ನೆತ್ತಿಯ ಮೇಲಿಂದ ಸುರಿದು ಹಣೆ ಉರಿಯುತ್ತಿತ್ತು, ಕಣ್ಣು ಗುಂಡಿ ಬಿದ್ದಿತ್ತು. ಸ್ವಲ್ಪ ಎಡಗಡೆಯಿಂದಲೂ ಬೆಳಕು. ಛತ್ರದ್ದು ಬಲಗಡೆಯಿಂದ. ಅವಸರಕ್ಕೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮುಖವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿದೆ. ಬೆಳಕು ಬಲಕ್ಕೆ ಬಂತು. ಸರಿಹೋಯಿತು ಅಂತ ಫೋನ್ ಮಾಡಿ ಕರೆದೆ.

ಅವರು ಬಂದು ಸ್ಕ್ರೀನು ನೋಡಿದರು. ತಲೆಯನ್ನು ಆ ಕಡೆ ಓರೆ ಮಾಡಿದರು, ಈ ಕಡೆ ಓರೆ ಮಾಡಿದರು.

"ಇವರ ಅಣ್ಣತಮ್ಮನಂಗೆ ಅವ್ರೆ."

"ಅವರೇ ಕಣಮ್ಮ."

"ಮಚ್ಚೆ ಈ ಕೆನ್ನೆಗೆ ಹೆಂಗಪ್ಪ ಬಂತು? ಇಪ್ಪತ್ತು ವರ್ಸ ನಾನು ಅವರ ಬಲಗಡೆ ಮಲಗಿದ್ದೀನಿ. ಮಚ್ಚೆ ನನ್ನ ಕಡೆಗೇ ಇತ್ತು."

ಭಾಯ್ ಎದ್ದು ಹೊರಗೆ ಹೋಗಿ ನಕ್ಕು ಬಂದರು. ಮಚ್ಚೆ ಅಷ್ಟೇ ಅಲ್ಲ, ಬೈತಲೆ ತಿರುಗಿತ್ತು, ಓರೆ ನಗುವೂ ತಿರುಗಿತ್ತು. ತಿರುಗಿಸಿದ ಮುಖ ಬೇರೆಯವನ ಮುಖ. ಅದನ್ನು ಹೆಂಡತಿ ಅಲ್ಲದೆ ಇನ್ಯಾರು ಹಿಡಿಯುತ್ತಾರೆ.

ಮುಖವನ್ನು ಮೊದಲಿನಂತೆ ಇಟ್ಟು ಬೆಳಕನ್ನೇ ಹೊಸದಾಗಿ ಬಿಡಿಸಬೇಕಾಯಿತು. ಹಣೆಯ ಉರಿ ತಗ್ಗಿಸಬೇಕು, ಕಣ್ಣಿನ ಗುಂಡಿ ತುಂಬಬೇಕು, ಬಲಗಡೆಗೆ ಬಿಳಿ, ಎಡಗಡೆಗೆ ಕಪ್ಪು. ಮೂಗಿನ ನೆರಳು ಎಷ್ಟು ಉದ್ದ? ಕೆನ್ನೆಯ ಗುಳಿ ಎಲ್ಲಿ ಕಪ್ಪಾಗುತ್ತದೆ? ಅಂದಾಜಿಗೆ ಹಾಕಿದರೆ ಮತ್ತೆ ಸ್ಟಿಕ್ಕರು. ಅದೂ ಅಲ್ಲದೆ ಖಾಕಿ ಬಟ್ಟೆಯಲ್ಲಿ ಧಾರೆ ಎರೆಸುವುದಕ್ಕಾಗುವುದಿಲ್ಲ. ಕತ್ತಿನ ಕೆಳಗಿನ ಮೈಯೇ ಇರಲಿಲ್ಲ. ಮೈದುನನ ಮೈ ಇಟ್ಟುಕೊಂಡು ತಲೆ ಮಾತ್ರ ಬದಲಾಯಿಸಲೇ ಅಂತ ಕೇಳಿದೆ.

"ಅವನ ಕೈ ಬ್ಯಾಡ," ಅಂದರು. "ಯಾರ್ದಾದ್ರೂ ಹಾಕು, ಅವನ್ದು ಬ್ಯಾಡ."

ನಾನು ಭಾಯ್ ಮುಖ ನೋಡಿದೆ. ಭಾಯ್ ಗೋಡೆ ನೋಡಿದರು.

"ಲೇ, ನಾನಾ?"

"ಇನ್ಯಾರು ಭಾಯ್? ನಾನು ಕ್ಯಾಮೆರಾ ಹಿಡೀಬೇಕು."

"ಯಾ ಅಲ್ಲಾ! ನಮ್ಮ ಮನೇನಾಗೆ ಗೊತ್ತಾದ್ರೆ?"

"ಕತ್ತಿನ ಮೇಲೆ ನೀವಿರಲ್ಲ."

ಹೆಂಗಸು ಮೊದಲು ನಿಂತರು. ಕವರಿನಲ್ಲಿ ಮಡಿಸಿ ತಂದಿದ್ದ ರೇಷ್ಮೆ ಸೀರೆಯನ್ನು ಒಳಗಿನ ಕೋಣೆಯಲ್ಲಿ ಉಟ್ಟುಕೊಂಡು ಬಂದರು. ಅಂಗಡಿಯಲ್ಲಿ ಪೌಡರು, ಬಾಚಣಿಗೆ ಇಟ್ಟಿರುವ ಕನ್ನಡಿಯ ಮುಂದೆ ಸ್ಟಿಕ್ಕರ್ ಕುಂಕುಮದ ಹಾಳೆಯೂ ಇರುತ್ತದೆ. ಅವರ ಕೈ ಅದರವರೆಗೂ ಹೋಗಿ ನಿಂತಿತು.

"ಇದು ಬ್ಯಾಡ. ಯಾರಾದ್ರೂ ನೋಡ್ತಾರೆ. ನೀನು ಕಂಪ್ಯೂಟರ್‌ನಾಗೇ ಇಕ್ಕು."

"ಬಳೆ?"

"ಅದೂ ಅಲ್ಲೇ ತೊಡ್ಸು. ಹಸಿರುವು."

ಛತ್ರದಲ್ಲಿದ್ದಷ್ಟೇ ಎತ್ತರಕ್ಕೆ ಬಲಗಡೆ ಲೈಟು ಇಟ್ಟೆ. ಕೈಗೆ ಸ್ಟೀಲ್ ಚೊಂಬು ಕೊಟ್ಟೆ. ಬಗ್ಗಿದರು. ಎದುರಿಗೆ ಮಗಳೂ ಇಲ್ಲ, ಅಳಿಯನೂ ಇಲ್ಲ, ಪ್ಲಾಸ್ಟಿಕ್ ಸ್ಟೂಲು. ಅದರ ಮೇಲಿದ್ದ ಬಕೆಟ್ಟಿಗೆ ನೀರು ಬಿಟ್ಟರು. ಕ್ಯಾಮೆರಾ ಕಡೆ ಒಂದು ಸಲವೂ ನೋಡಲಿಲ್ಲ, ನೀರು ಬೀಳುವ ಜಾಗವನ್ನೇ ನೋಡುತ್ತಿದ್ದರು. ಒಂದು ಹನಿ ಪಕ್ಕಕ್ಕೆ ಹೋಗಲಿಲ್ಲ.

ಅವರು ಪಕ್ಕಕ್ಕೆ ಸರಿದ ಮೇಲೆ ಭಾಯ್ ನಿಂತರು. ಯಾರದೋ ಮದುವೆಯಲ್ಲಿ ಸಿಕ್ಕಿದ್ದ ಪಂಚೆ, ಅಂಗಡಿಯಲ್ಲಿ ಗಿರಾಕಿಗಳಿಗೆ ಅಂತ ಇಟ್ಟಿದ್ದ ಶಲ್ಯ. ಪಂಚೆ ಉಡಲು ಬರದೆ ಹೆಂಗಸೇ ಹೇಳಿಕೊಡಬೇಕಾಯಿತು. "ಎಡಕ್ಕೆ ಸಿಗ್ಸಣ್ಣ, ಎಡಕ್ಕೆ," ಅಂತ ಮುಖ ಆ ಕಡೆ ತಿರುಗಿಸಿಕೊಂಡು ಹೇಳುತ್ತಿದ್ದರು. ಭಾಯ್ ಚೊಂಬು ಹಿಡಿದು ಗಂಭೀರವಾಗಿ ನೀರು ಬಿಟ್ಟರು.

"ಹೊಟ್ಟೆ ಒಳಕ್ಕೆ ಎಳ್ಕಳಿ ಭಾಯ್. ಅವರು ಸಣ್ಣಕ್ಕೆ ಇದ್ರು."

"ಎಳ್ಕಂಡೇ ಇದೀನಿ ಕಣೋ."

"ಇನ್ನೂ."

"ಇನ್ನೂ ಎಳದ್ರೆ ನಾನೂ ಅವರತ್ರಾನೇ ಹೋಗ್ತೀನಿ."

ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡರು. ಆ ಫೋಟೋದಲ್ಲಿ ಭಾಯ್ ಮುಖದ ಮೇಲೆ ಬೆಳಕು ಎಲ್ಲಿ ಬಿದ್ದಿತ್ತೋ ಅದನ್ನು ನೋಡಿಕೊಂಡು ಸತ್ತವರ ಮುಖಕ್ಕೆ ಹಾಗೇ ಬಿಡಿಸಿದೆ. ಕತ್ತಿನ ಮೇಲೆ ಅವರು, ಕೆಳಗೆ ಭಾಯ್, ಹೊಟ್ಟೆ ಸ್ವಲ್ಪ ಕೊಯ್ದು. ಖಾಕಿ ಫೋಟೋ ನೋಡಿಕೊಂಡು ಎತ್ತರ ಕೂಡಿಸಿದೆ. ಛತ್ರದ ಲೈಟಿನ ನೀಲಿ ಛಾಯೆಯನ್ನು ಮುಖಕ್ಕೂ ಹಚ್ಚಿದೆ. ಕೊನೆಗೆ ದೂರ ನಿಂತು ನೋಡಿದೆ. ಮನುಷ್ಯ ಅಲ್ಲಿ ನಿಂತಿದ್ದ. ಕಪ್ಪಗೇ ಇದ್ದ.

ಫೋಟೋ ಪ್ರಿಂಟು ಹಾಕಿ ಫ್ರೇಮಿಗೆ ಗಾಜು ಕೂರಿಸುತ್ತಿದ್ದ ದಿನ ಹೆಂಗಸು ತೆಗೆದುಕೊಂಡು ಹೋಗಲು ಬಂದು ಬೆಂಚಿನ ಮೇಲೆ ಕೂತಿದ್ದರು. ಹಿಂದೆಯೇ ಬೈಕಿನ ಶಬ್ದ. ಮೈದುನ. ಯಾರು ಹೇಳಿದರೋ. ಮಗನೋ, ಬಸ್‌ಸ್ಟ್ಯಾಂಡಿನಲ್ಲಿ ಕವರು ನೋಡಿದವರೋ ಹೇಳಿರಬೇಕು. ನಮ್ಮ ಕಡೆ ಸುದ್ದಿಗೆ ಟಿಕೆಟ್ ಬೇಕಿಲ್ಲ.

ಒಳಗೆ ಬಂದವನು ನಮಸ್ಕಾರ ಇಲ್ಲ, ಏನಿಲ್ಲ, ಸೀದಾ ಫ್ರೇಮ್ ಮುಂದೆ ನಿಂತ. ತನ್ನನ್ನು ಹುಡುಕಿಕೊಂಡ. ಸಿಗಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಆದರೆ 'ನನ್ನನ್ನು ಯಾಕೆ ತೆಗೆದಿರಿ' ಅಂತ ಕೇಳಿದರೆ ಮರ್ಯಾದೆ ಹೋಗುತ್ತದಲ್ಲ. ಬೇರೆ ದಾರಿ ಹುಡುಕಿದ.

"ಅಣ್ಣನ ಕೈ ಇಂಗಿರ್ಲಿಲ್ಲ. ಯಾರ್ದಿದು ದಪ್ಪ ಕೈ?"

ಭಾಯ್ ತಮ್ಮ ಎರಡೂ ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

"ಕಂಪ್ಯೂಟರ್‌ದು," ಎಂದೆ.

ಅವನು ಇನ್ನೂ ಬಗ್ಗಿ ನೋಡಿದ. ಮುಖ ಅರಳಿತು. ಸಿಕ್ಕಿತು ಅವನಿಗೆ.

"ಏನ್ಲಾ ಇದು ಕರ್ರಗೆ? ಹುಡ್ಗಿ ಭುಜದ ಮ್ಯಾಲೆ?"

"ನೆರಳು."

"ಯಾರ್ದು?"

"ಪಕ್ಕದಾಗೆ ನಿಂತಿರೋರ್ದು."

"ಸತ್ತೋನ ನೆರಳು ಮದುವಣಗಿತ್ತಿ ಮ್ಯಾಲೆ ಹಾಕಿದ್ದೀಯೇನ್ಲಾ? ನಿಮ್ಮಪ್ಪ ಅಮ್ಮ ಏನೂ ಹೇಳ್ಕೊಟ್ಟಿಲ್ವಾ ನಿಂಗೆ? ಅತ್ತಿಗೆ, ನೋಡಿಲ್ಲಿ! ಬೀಗ್ರು ಇದ್ನ ನೋಡಿದ್ರೆ ಬಾಗ್ಲಾಗಿಂದ್ಲೇ ವಾಪಸ್ ಹೋಯ್ತಾರೆ. ನಿಮ್ ಮಗಳ ಬಾಳು, ನಂಗೇನು? ನಾನು ಹೇಳೋದು ಹೇಳಿದ್ದೀನಿ."

ಹೆಂಗಸಿನ ಮುಖ ಬಿಳಿಚಿಕೊಂಡಿತು. ಭಾಯ್ ನನ್ನ ಕಿವಿಯ ಹತ್ತಿರ, "ತೆಗ್ದಾಕೋ, ನಮಗ್ಯಾಕೆ," ಅಂದರು.

ನನಗೆ ಸಿಟ್ಟು ಬಂತು. ನೆರಳು ತೆಗೆದರೆ ಮನುಷ್ಯ ಮತ್ತೆ ಸ್ಟಿಕ್ಕರು. ಕೊನೆಗೆ ಅವನೂ ಗಾಳಿಯಲ್ಲಿ ತೇಲಬೇಕು. ಸಿಟ್ಟಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

"ಅಣ್ಣಾ, ಅದು ನಿಮ್ಮ ನೆರಳೇ."

"ಆಂ?"

"ಛತ್ರದಾಗೆ ನೀವು ಲೈಟಿಗೆ ಅಡ್ಡ ನಿಂತಿದ್ರಲ್ಲ, ಆವಾಗ ಬಿದ್ದಿದ್ದು. ನಿಮ್ಮನ್ನ ತೆಗ್ದೆ. ಅದನ್ನ ಬುಟ್ಟಿದ್ದೆ. ಬೇಕಾದ್ರೆ ಆಲ್ಬಮ್ ನೋಡಿ."

ಆಲ್ಬಮ್ಮು ಬಿಚ್ಚಿ ಪಕ್ಕದಲ್ಲಿಟ್ಟೆ. ಅದೇ ಭುಜ, ಅದೇ ಕಪ್ಪು. ಅವನು ಇದನ್ನು ನೋಡಿದ, ಅದನ್ನು ನೋಡಿದ. ನೆರಳಿನಲ್ಲಿ ತನ್ನ ಶಲ್ಯದ ಅಂಚು ಸಿಕ್ಕಿತು. ಮೀಸೆಯ ಮೇಲೆ ಬೆರಳು ಆಡಿಸಿದ.

"ನಂದಾ?"

"ನಿಮ್ದೇ."

"ಅಂಗಾರೆ ಇರ್ಲಿ ಬುಡು," ಅಂದ. "ಬದುಕಿರೋನ್ದು ಪರ್ವಾಗಿಲ್ಲ. ಅದ್ರಾಗೂ ಧಾರೆ ಎರ್ದೋನ್ದು. ಅಪಶಕುನ ಏನೂ ಇಲ್ಲ. ಬೀಗ್ರು ಕೇಳಿದ್ರೆ ಇಂಥೋರ್ದು ಅಂತ ಹೇಳಿ ಅತ್ತಿಗೆ."

ಇಷ್ಟು ಬೇಗ ಶಾಸ್ತ್ರ ಬದಲಾದದ್ದನ್ನು ನಾನು ನೋಡಿರಲಿಲ್ಲ. ಯಾವ ಪುರೋಹಿತರೂ ಬೇಕಾಗಲಿಲ್ಲ. ಭಾಯ್ ಕೂಡ ಗಲಾಟೆ ಮುಗಿಯಿತು ಅಂತ ಗಾಜು ಒರೆಸಲು ಬಟ್ಟೆ ತೆಗೆದುಕೊಂಡರು.

ಬೆಂಚಿನ ಮೇಲಿಂದ ಹೆಂಗಸು ಎದ್ದರು.

"ನೆರಳು ಇವನ್ದಾ?" ಅಂತ ನನ್ನನ್ನು ಕೇಳಿದರು.

"ಹ್ಞೂಂ ಕಣಮ್ಮ."

"ತೆಗಿ."

"ಅದೇ ಬಿಡಿ ಅತ್ತಿಗೆ, ಇದ್ರೂ ಪರ್ವಾಗಿಲ್ಲ ಅಂತ—" ಮೈದುನ ಶುರು ಮಾಡಿದ.

"ಇವನ್ದು ತೆಗ್ದು ಅವರ್ದು ಹಾಕು."

"ಅತ್ತಿಗೆ! ಸತ್ತೋನ್ದು—"

"ಹೂಂ, ಸತ್ತೋರ್ದೇ. ಎರಡು ವರ್ಸದಿಂದ ಎದ್ರಿಗೆ ಬರ್ಬ್ಯಾಡ, ಒಸಗೆ ಮನೇಲಿ ನಿಂತ್ಕಬ್ಯಾಡ, ನಿನ್ನ ನೆರಳು ಹುಡ್ಗಿ ಮ್ಯಾಲೆ ಬೀಳ್ಬಾರ್ದು, ಇದೇ ಕೇಳಿದ್ದೀನಿ. ಕೇಳಿದ್ದೂ ಆಯ್ತು, ಎಲೆ ಒರೆಸಿದ್ದೂ ಆಯ್ತು. ಇನ್ನು ಫೋಟೋದಾಗಿರೋರ್ಗೂ ಅದೇ ರೂಲ್ಸಾ? ಹೆತ್ತಪ್ಪ ಕಣಯ್ಯ ಅವರು. ಬೀಳ್ಲಿ."

"ನನ್ನ ತೆಗ್ದ್ರಿ, ಈಗ ನನ್ನ ನೆರಳ್ನೂ ತೆಗೀತೀರಾ? ಧಾರೆ ಎರ್ದೋನು ನಾನು!" ಕೊನೆಗೂ ಹೊಟ್ಟೆಯೊಳಗಿದ್ದದ್ದು ಬಾಯಿಗೆ ಬಂತು.

"ನೀನೇ ಎರ್ದೆ, ಇಲ್ಲ ಅಂದೋರ್ಯಾರು? ಆಲ್ಬಮ್‌ನಾಗೆ ಇದ್ದೀಯಲ್ಲ, ಮೀಸೆ ಸಮೇತ. ಆಲ್ಬಮ್ಮು ಬೀರುನಾಗೆ ಇರ್ತೈತೆ, ಬಂದಾಗ್ಲೆಲ್ಲ ತೆಗ್ದು ನೋಡ್ಕ. ಗೋಡೆ ನಂದು ಕಣಪ್ಪ."

"ಬೀಗ್ರು ಹೋಯ್ತಾರೆ ವಾಪಸ್ಸು, ನೋಡ್ತಿರಿ."

"ನೋಡಾನ."

ಅವನು ಬೈಕಿಗೆ ಒದ್ದ ರಭಸಕ್ಕೆ ಅದು ಸ್ಟಾರ್ಟ್ ಆಗಲಿಲ್ಲ. ಮತ್ತೆ ಮತ್ತೆ ಒದ್ದ. ಅಷ್ಟು ಹೊತ್ತೂ ನಾವು ಮೂವರೂ ಬೇರೆ ಬೇರೆ ಕಡೆ ನೋಡುತ್ತಾ ನಿಂತಿದ್ದೆವು.

ಅವನು ಹೋದ ಮೇಲೆ ಹೆಂಗಸು ಮತ್ತೆ ಬೆಂಚಿನ ಮೇಲೆ ಕೂತರು. ಮಾತಾಡಿದಷ್ಟು ಧೈರ್ಯ ಈಗ ಮುಖದಲ್ಲಿ ಇರಲಿಲ್ಲ. "ನಿಜವಾಗ್ಲೂ ಹೋಗ್ಬುಟ್ರೆ ಏನಣ್ಣ ಮಾಡ್ಲಿ?" ಅಂತ ಭಾಯ್‌ನ ಕೇಳಿದರು. ಭಾಯ್ ಟೀ ತರಿಸಿದರು.

ನಾನು ಗಾಜು ಬಿಚ್ಚಿ ಮತ್ತೆ ಕಂಪ್ಯೂಟರ್ ಮುಂದೆ ಕೂತೆ. ಮೈದುನನ ನೆರಳು ಒರೆಸಿದೆ. ಹೊಸದು ಬಿಡಿಸಿದೆ. ಗಂಡ ತಮ್ಮನಿಗಿಂತ ಉದ್ದ. ಅದೇ ಲೈಟಿಗೆ ಅವರ ತಲೆ ಅಡ್ಡ ಬಂದರೆ ನೆರಳು ಭುಜದಲ್ಲಿ ನಿಲ್ಲುವುದಿಲ್ಲ, ಇನ್ನೂ ಮೇಲೆ ಹತ್ತುತ್ತದೆ. ಮಗಳ ಕೆನ್ನೆಯವರೆಗೂ ಬರುತ್ತದೆ. ಕೆನ್ನೆಯ ಮೇಲೆ ಹಾಕಲೋ ಬೇಡವೋ ಅಂತ ಕೇಳಲಿಲ್ಲ. ಅಲ್ಲೇ ಬೀಳಬೇಕಾದದ್ದು, ಅಲ್ಲೇ ಹಾಕಿದೆ. ನೆರಳಿನ ಅಂಚು ಚಾಕುವಿನಲ್ಲಿ ಕೊಯ್ದಂತೆ ಇರಬಾರದು, ದೂರ ಹೋದಷ್ಟೂ ಕರಗಬೇಕು. ಕರಗಿಸಿದೆ. ಒಡವೆಯ ಮೇಲೆ ಬಿದ್ದ ಕಡೆ ಹೊಳಪು ತಗ್ಗಿಸಿದೆ.

ಪ್ರಿಂಟು ಬಂದಾಗ ಹೆಂಗಸು ಟೀ ಲೋಟ ಕೆಳಗಿಟ್ಟು ನೋಡಿದರು. ಗಂಡನ ಮುಖ ನೋಡುತ್ತಾರೆ, ತಮ್ಮ ಹಣೆಯ ಕುಂಕುಮ ನೋಡುತ್ತಾರೆ ಅಂದುಕೊಂಡಿದ್ದೆ. ಮಗಳ ಕೆನ್ನೆ ನೋಡಿದರು.

"ಕಿವೀನೂ ಬಿಡಿಸಿದ್ದೀಯ."

"ಅಗಲ ಇತ್ತಲ್ಲಮ್ಮ, ನೆರಳ್ನಾಗೂ ಬರ್ಬೇಕು."

"ಹೂಂ. ಅವರ್ದೇ," ಅಂದರು. ಸೀರೆಯ ಸೆರಗಿನಲ್ಲಿ ಫ್ರೇಮ್ ಸುತ್ತಿಕೊಂಡರು. ಭಾಯ್ ದೊಡ್ಡ ಕವರು ಕೊಡಲು ಹೋದರೆ ಬೇಡ ಅಂದರು. ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಹೋದರಂತೆ. ಕಂಡಕ್ಟರು 'ಯಾರಮ್ಮ, ಹೋಗ್ಬಿಟ್ರಾ?' ಅಂತ ಕೇಳಿದ್ದಕ್ಕೆ 'ಇಲ್ಲ, ಮಗಳ ಮದ್ವೇದು' ಅಂದರಂತೆ.

ಆಷಾಢ ಬಂತು. ಅಂಗಡಿಯಲ್ಲಿ ಮದುವೆ ಕೆಲಸ ನಿಂತು ಬರೀ ಫ್ಲೆಕ್ಸು, ಪಾಸ್‌ಪೋರ್ಟ್ ಸೈಜು. ಬೀಗರು ಏನು ಮಾಡಿದರೋ ಅಂತ ಭಾಯ್ ದಿನಾ ಕೇಳುತ್ತಿದ್ದರು. ನಾನೇನು ಹುಲಿಕುಂಟೆಗೆ ಹೋಗಿ ಬಂದವನೇ? ಅವರ ಕೈ ಆ ಗೋಡೆಯ ಮೇಲೆ ಇತ್ತಲ್ಲ, ಅದಕ್ಕೆ ಚಿಂತೆ.

ಕೊನೆಗೆ ಒಂದು ದಿನ ಹೆಂಗಸಿನ ಫೋನ್ ಬಂತು. ಭಾಯ್‌ಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ.

"ಬೀಗ್ರು ಬಂದಿದ್ರಾ ಅಮ್ಮ?"

"ಬಂದ್ರು. ಉಂಡ್ರು. ಹೋದ್ರು."

"ವಾಪಸ್ ಹೋಗ್ತಾರೆ ಅಂದಿದ್ರಲ್ಲ ನಿಮ್ ಮೈದ?"

"ಅವನು ಬೆಳಗ್ಗೇನೇ ಬಂದು ಫೋಟೋ ಪಕ್ಕದಾಗೆ ನಿಂತ್ಕಂಡಿದ್ದ, ಈಗ ಬೈತಾರೆ, ಈಗ ಬೈತಾರೆ ಅಂತ. ಹೋಳಿಗೆ ಬಡಿಸ್ದಾಗ ಹೋಗಿ ಕುಂತ."

"ನೆರಳು ನೋಡಿ ಏನಂದ್ರು?"

"ಅದನ್ನ ಯಾರಪ್ಪ ನೋಡ್ತಾರೆ? ಬೀಗಿತ್ತಿ ಮುಂದೆ ನಿಂತು ಬೋ ಹೊತ್ತು ನೋಡಿದ್ಲು. ಆಮೇಲೆ ಅಂತಾಳೆ, 'ನಿಮ್ಮ ಯಜಮಾನ್ರು ಇಷ್ಟುದ್ದ ಇದ್ರೇನ್ರಿ? ಪಕ್ಕದಾಗೆ ನಮ್ಮ ಹುಡ್ಗ ಚೋಟುದ್ದ ಕಾಣ್ತಾನೆ. ಸ್ಟುಡಿಯೋದೋರ್ಗೆ ಹೇಳಿ ಅವನ್ನ ಒಸಿ ಉದ್ದ ಮಾಡ್ಸಿ' ಅಂತ."

ಭಾಯ್ ಕುರ್ಚಿಯ ಮೇಲೆ ಕೂತರು.

"ಮಗಳು ಏನಂದ್ಲು?"

"ಅವಳಾ? ಬಂದಾಗ್ನಿಂದ ಹಾಸಿಗೆ ಅದ್ರ ಕೆಳಗೇ ಹಾಕ್ಕಂಡವಳೆ. ಬಿಡು ಅದು. ಬೀಗಿತ್ತಿಗೆ ಏನ್ ಹೇಳ್ಲಿ? ಉದ್ದ ಮಾಡಾಕೆ ಆಗ್ತದಾ?"

"ಆಗ್ತದೆ ಕಣಮ್ಮ. ಆದ್ರೆ ಅಳಿಯನ್ನ ಉದ್ದ ಮಾಡಿದ್ರೆ ಅವನ ನೆರಳ್ನೂ ಉದ್ದ ಮಾಡ್ಬೇಕು. ಅದು ಹೋಗಿ ಯಾರ ಮೇಲೆ ಬೀಳ್ತದೋ, ಅದಕ್ಕೆ ಇನ್ಯಾರು ಬೈಕ್ ಹತ್ತಿ ಬತ್ತಾರೋ ಗೊತ್ತಿಲ್ಲ."

ಆ ಕಡೆ ನಕ್ಕದ್ದು ಕೇಳಿಸಿತು. ಸೆರಗು ಅಡ್ಡ ಇಟ್ಟುಕೊಳ್ಳದೆ ನಕ್ಕರು.

"ಬ್ಯಾಡ ಬುಡಪ್ಪ," ಅಂದರು. "ಗಿಡ್ಡಕ್ಕೇ ಇರ್ಲಿ."